ಉಂಡದ್ದು ಮೈಗೆ ಹತ್ತಬೇಕಾದರೆ

ತೆಳ್ಳಗಿನ ಕೂಸನ್ನು ಕಂಡರೆ ನಮ್ಮ ವಿಜಯಪುರ ಸೀಮೆಯಲ್ಲಿ ಮೊದಲ ಮಾತು ತಾಯಿಯ ಮೇಲೇ ಬೀಳುತ್ತದೆ. "ಹೊಟ್ಟಿತುಂಬ ಉಣಸ್ತೀಯೋ ಇಲ್ಲೋ?" ಎಂದು ಕೇಳುವವರು ಕೆಟ್ಟವರೇನಲ್ಲ. ಬರ ಕಂಡ ನೆಲ ಇದು. ಮಗುವಿನ ಮೈ ತುಂಬಿಲ್ಲವೆಂದರೆ ತಾಟಿಗೆ ಬಿದ್ದದ್ದು ಸಾಲಲಿಲ್ಲ ಎಂಬ ಲೆಕ್ಕ ತಲೆಮಾರುಗಳಿಂದ ಬಂದದ್ದು. ನನ್ನ ಅಕ್ಕನ ಕಿವಿಗೆ ಈ ಮಾತು ವರ್ಷಗಟ್ಟಲೆ ಬಿತ್ತು. ಹೇಳುತ್ತಿದ್ದವಳು ನಮ್ಮ ಆಯಿ. ಅಕ್ಕನನ್ನು ಸೋದರಮಾವನಿಗೇ ಕೊಟ್ಟದ್ದರಿಂದ ನಮ್ಮವ್ವನ ತಾಯಿಯೇ ಅವಳಿಗೆ ಅತ್ತೆ. ಎತ್ತಿ ಆಡಿಸಿದ ಕೈಯೇ ತಾಟಿನ ಕಡೆ ಬೆರಳು ಮಾಡಿದಾಗ ಆಗುವ ನೋವು ಬೇರೆ.

ಅಕ್ಕನ ಮಗನಿಗೆ ಇರುವುದು ಸಿಸ್ಟಿಕ್ ಫೈಬ್ರೋಸಿಸ್, ಮೈಯೊಳಗಿನ ಲೋಳೆ ಅಂಟಾಗಿ ಎದೆಯಲ್ಲೂ ಹೊಟ್ಟೆಯಲ್ಲೂ ಕಟ್ಟಿಕೊಳ್ಳುವ, ಹುಟ್ಟಿನಿಂದ ಬರುವ ಕಾಯಿಲೆ. ನಾನು ಬಾಗಲಕೋಟೆಯಲ್ಲಿ ಪಿಯು ಮಕ್ಕಳಿಗೆ ಜೀವಶಾಸ್ತ್ರ ಕಲಿಸುತ್ತೇನೆ. ದ್ವಿತೀಯ ಪಿಯು ಪುಸ್ತಕದಲ್ಲಿ ಮೆಂಡೆಲೀಯ ಕಾಯಿಲೆಗಳ, ಅಂದರೆ ಒಂದೇ ಜೀನು ಕೆಟ್ಟು ವಂಶದಲ್ಲಿ ಇಳಿದು ಬರುವ ಕಾಯಿಲೆಗಳ, ಸಾಲಿನಲ್ಲಿ ಹಿಮೋಫಿಲಿಯಾದ ಪಕ್ಕ ಇದರ ಹೆಸರು ಬರುತ್ತದೆ. ಸಿಕಲ್ ಸೆಲ್ ರಕ್ತಹೀನತೆಗೆ ಚಿತ್ರವಿದೆ, ವಿವರವಿದೆ. ಇದಕ್ಕೆ ಬರೀ ಹೆಸರು. ಪರೀಕ್ಷೆಗೆ ಅಷ್ಟು ಸಾಕು. ಮನೆಯಲ್ಲಿ ಒಂದು ಮಗುವಿಗೆ ಇದು ಇದ್ದರೆ ಸಾಲದು.

ಈ ಕಾಯಿಲೆಯ ಬಗ್ಗೆ ಸಿಗುವ ಮಾಹಿತಿಯಲ್ಲಿ ಬಹುಪಾಲು ಶ್ವಾಸಕೋಶದ್ದು. ಅದಕ್ಕೆ ಕಾರಣವಿದೆ. ಇದರಲ್ಲಿ ಜೀವ ಹೋಗುವುದು ಹೆಚ್ಚಾಗಿ ಎದೆಯ ದಾರಿಯಿಂದಲೇ. ಅಂಟು ಕಫ, ಮತ್ತೆ ಮತ್ತೆ ಸೋಂಕು, ಕಡೆಗೆ ಉಸಿರು ಸಾಲದಾಗುವುದು. ಆದರೆ ಬೆಳಗಿನಿಂದ ರಾತ್ರಿಯ ತನಕ ಮನೆಯನ್ನು ಕಾಡುವುದು ಹೊಟ್ಟೆ. ಆ ಹೊಟ್ಟೆಯೊಳಗೂ ತುಂಬಾ ತಡವಾಗಿ ವೈದ್ಯರ ಗಮನಕ್ಕೆ ಬಂದ ಒಂದು ಸಂಗತಿ ಇದೆ: ಕರುಳಿನ ಉರಿಯೂತ, ಅಂದರೆ ಒಳಗಿನ ಬಾವು. ಮಗು ಸರಿಯಾಗಿ ಉಂಡರೂ, ಗುಳಿಗೆ ಸರಿಯಾಗಿ ನುಂಗಿದರೂ ಹೊಟ್ಟೆ ನೋಯುವುದು ಯಾಕೆ, ಮೈ ತುಂಬದಿರುವುದು ಯಾಕೆ ಎಂಬುದಕ್ಕೆ ಇರುವ ಉತ್ತರದ ಒಂದು ದೊಡ್ಡ ಪಾಲು ಅದು. ನಮ್ಮ ಕಡೆಯ ತಾಯಂದಿರ ಮೇಲಿರುವ ಆಪಾದನೆಯನ್ನು ಇಳಿಸಲು ಇದಕ್ಕಿಂತ ಗಟ್ಟಿಯಾದ ಸಾಕ್ಷಿ ನನಗೆ ಗೊತ್ತಿಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ವೈದ್ಯಶಾಸ್ತ್ರಕ್ಕೆ ಈ ರೋಗ ಪರಿಚಯವಾದದ್ದೇ ಹೊಟ್ಟೆಯ ಮೂಲಕ. ನ್ಯೂಯಾರ್ಕಿನಲ್ಲಿ ಡೊರೊಥಿ ಆಂಡರ್ಸನ್ ಎಂಬ ವೈದ್ಯೆ ಸತ್ತ ಮಕ್ಕಳ ಶವಪರೀಕ್ಷೆ ಮಾಡುತ್ತಿದ್ದಾಗ, ಗೋಧಿ ಆಗಿಬರದ ಸೀಲಿಯಾಕ್ ಕಾಯಿಲೆಯಿಂದ ತೀರಿಕೊಂಡಿದ್ದೆಂದು ಬರೆದಿದ್ದ ಕೆಲವು ಮಕ್ಕಳ, ಊಟ ಅರಗಿಸುವ ಕಿಣ್ವಗಳನ್ನು ಕರುಳಿಗೆ ಕೊಡುವ ಮೇದೋಜ್ಜೀರಕ ಗ್ರಂಥಿ ಗಂಟುಗಂಟಾಗಿ, ನಾರುನಾರಾಗಿ ಹಾಳಾಗಿದ್ದನ್ನು ಕಂಡರು. 1938ರಲ್ಲಿ ಅವರು ಅದನ್ನು ಬೇರೆಯೇ ಒಂದು ರೋಗವೆಂದು ವಿವರಿಸಿದರು. ಆಗ ಇಂಥ ಮಕ್ಕಳು ಹೆಚ್ಚಾಗಿ ಕೂಸಿದ್ದಾಗಲೇ ಹೋಗಿಬಿಡುತ್ತಿದ್ದವು. ಆಮೇಲೆ ಆ್ಯಂಟಿಬಯಾಟಿಕ್ ಬಂದವು, ಕಿಣ್ವದ ಔಷಧಿ ಸುಧಾರಿಸಿತು, ಮಕ್ಕಳು ಬೆಳೆದು ದೊಡ್ಡವರಾಗತೊಡಗಿದರು. ಆಗ ಎದೆಯ ತೊಂದರೆ ಮುಂದೆ ಬಂದು ನಿಂತಿತು, ಹೊಟ್ಟೆ ಹಿಂದೆ ಸರಿಯಿತು. 1989ರಲ್ಲಿ ಲಾಪ್-ಚೀ ತ್ಸೂಯಿ, ಫ್ರಾನ್ಸಿಸ್ ಕಾಲಿನ್ಸ್, ಜಾನ್ ರಿಯೊರ್ಡನ್ ಮತ್ತವರ ಸಂಗಡಿಗರು ಏಳನೇ ವರ್ಣತಂತುವಿನ ಮೇಲೆ, ಕೆಟ್ಟರೆ ಈ ರೋಗ ತರುವ, ಸಿಎಫ್‌ಟಿಆರ್ ಎಂಬ ಜೀನನ್ನು ಪತ್ತೆ ಮಾಡಿದರು. 1992ರಲ್ಲಿ ಅದೇ ಜೀನನ್ನು ಕೆಡಿಸಿದ ಇಲಿಗಳನ್ನು ಪ್ರಯೋಗಾಲಯದಲ್ಲಿ ಹುಟ್ಟಿಸಿ ನೋಡಿದರು. ಆ ಇಲಿಗಳಿಗೆ ಮನುಷ್ಯರಂತೆ ಎದೆ ಕೆಡಲಿಲ್ಲ. ಅವು ಸತ್ತದ್ದು ಕರುಳು ಕಟ್ಟಿಕೊಂಡು. ತರಗತಿಯಲ್ಲಿ ಇದನ್ನು ಹೇಳಿದಾಗ ಮಕ್ಕಳು ತಲೆ ಎತ್ತುತ್ತಾರೆ. ಜೀನು ಕೆಟ್ಟರೆ ಕರುಳು ತಾನೇ ಕೆಡುತ್ತದೆ, ಎದೆಯ ಸೋಂಕು ಮೊದಲು ಬರಬೇಕೆಂದೇನಿಲ್ಲ ಎಂಬುದಕ್ಕೆ ಇದು ಸಾಕ್ಷಿ.

ಸಿಎಫ್‌ಟಿಆರ್ ಜೀನು ಮಾಡಿಸುವುದು ಜೀವಕೋಶದ ಪೊರೆಯಲ್ಲಿ ಕೂತಿರುವ, ಅದೇ ಹೆಸರಿನ ಒಂದು ಪ್ರೋಟೀನನ್ನು. ಅದರ ಮೂಲಕ ಕ್ಲೋರೈಡ್ ಮತ್ತು ಬೈಕಾರ್ಬೋನೇಟ್ ಹೊರಗೆ ಹೋಗುತ್ತವೆ, ಬೆನ್ನಿಗೆ ನೀರೂ ಹೋಗುತ್ತದೆ. ಕರುಳಿನ ಒಳಗೋಡೆಯಲ್ಲಿ ಈ ಪ್ರೋಟೀನು ತುಂಬಾ ಇರುತ್ತದೆ. ಅಲ್ಲಿ ಹುಟ್ಟುವ ಲೋಳೆ ಜೀವಕೋಶದಿಂದ ಹೊರಬರುವಾಗ ಬಿಗಿಯಾಗಿ ಮಡಚಿಕೊಂಡಿರುತ್ತದೆ. ಅದು ಬಿಚ್ಚಿಕೊಂಡು ತೆಳುವಾಗಿ ಹರಿಯಬೇಕಾದರೆ ಬೈಕಾರ್ಬೋನೇಟ್ ಬೇಕು, ನೀರು ಬೇಕು. ಎರಡೂ ಇಲ್ಲವೆಂದರೆ ಲೋಳೆ ಗೋಡೆಗೆ ಅಂಟಿಯೇ ಕೂರುತ್ತದೆ. ಕೃಷ್ಣೆಯ ಕಾಲುವೆಗೆ ನೀರು ಬಿಡದ ವರ್ಷ ಹೂಳು ಕೂತು, ಹುಲ್ಲು ಬೆಳೆದು, ಮುಂದೆ ಬಿಟ್ಟ ನೀರೂ ಹೊಲ ಮುಟ್ಟದ ಹಾಗೆ. ಮೇದೋಜ್ಜೀರಕದ ಸಣ್ಣ ನಾಳಗಳಲ್ಲಿ ಆಗುವುದೂ ಇದೇ. ಅಲ್ಲಿಯ ಕಿಣ್ವಗಳು ಕರುಳಿಗೆ ಇಳಿಯದೆ ಗ್ರಂಥಿಯನ್ನೇ ಸುಡುತ್ತವೆ. ಈ ಕಾಯಿಲೆಯ ಹೆಚ್ಚುಕಡಿಮೆ 85 ಪ್ರತಿಶತ ಜನರಿಗೆ ತುಪ್ಪ, ಎಣ್ಣೆ, ಬೆಣ್ಣೆ ಅರಗಿಸುವಷ್ಟು ಕಿಣ್ವ ಸ್ವಂತದ್ದು ಇರುವುದಿಲ್ಲ.

ನಮ್ಮ ಹುಡುಗನ ಸಂಡಾಸು ಕೂಸಿದ್ದಾಗಿನಿಂದಲೂ ಬೂದುಬಣ್ಣಕ್ಕೆ, ಜಿಡ್ಡಾಗಿ, ನೀರಿನ ಮೇಲೆ ತೇಲುವಂತೆ ಇರುತ್ತಿತ್ತು. ವಾಸನೆ ಮನೆಯೆಲ್ಲ ತುಂಬುತ್ತಿತ್ತು. ಹೊಟ್ಟೆ ಉಬ್ಬು, ಕೈಕಾಲು ಕಡ್ಡಿ. ಹಸಿವು ಮಾತ್ರ ವಿಪರೀತ. ಹಾಲು ಆಗಿಬರುವುದಿಲ್ಲ ಎಂದು ಹಾಲು ಬಿಡಿಸಿದರು, ಜಂತು ಎಂದು ಔಷಧಿ ಹಾಕಿದರು, ಒಂದು ಆಸ್ಪತ್ರೆಯಲ್ಲಿ ಟಿಬಿ ಎಂದು ಗುಳಿಗೆಯನ್ನೂ ನುಂಗಿಸಿದರು. ಕೆಮ್ಮು, ಸೊರಗು, ಹೊಟ್ಟೆ ಎಲ್ಲ ಸೇರಿದರೆ ನಮ್ಮ ದೇಶದ ವೈದ್ಯರ ಮನಸ್ಸು ಟಿಬಿಯ ಕಡೆ ಓಡುವುದು ಸಹಜ. ಈ ರೋಗ ಬಿಳಿಯರಿಗೆ ಮಾತ್ರ ಬರುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಹಳ ಕಾಲ ಇತ್ತು. ಭಾರತದ ವೈದ್ಯಪತ್ರಿಕೆಗಳಲ್ಲಿ 1960ರ ದಶಕದಿಂದಲೇ ಇಂಥ ಮಕ್ಕಳ ವರದಿಗಳಿವೆ.

ರೋಗವನ್ನು ಬಯಲಿಗೆ ತಂದದ್ದು ನಮ್ಮ ಬೇಸಿಗೆ. ಎರಡು ವರ್ಷದೊಳಗಿನ ಕೂಸು, ಏಪ್ರಿಲ್ ತಿಂಗಳು, ವಿಜಯಪುರದ ಬಿಸಿಲು 40 ಡಿಗ್ರಿ ದಾಟಿತ್ತು. ಹುಡುಗ ಒಮ್ಮೆಲೇ ಬಾಡಿದ ಸೊಪ್ಪಾಗಿ ಬಿದ್ದ. ಅಂಥ ಜುಲಾಬೇನೂ ಇರಲಿಲ್ಲ. ರಕ್ತದಲ್ಲಿ ಸೋಡಿಯಂ, ಪೊಟ್ಯಾಸಿಯಂ, ಕ್ಲೋರೈಡ್ ಮೂರೂ ಕುಸಿದಿದ್ದವು, ರಕ್ತ ಕ್ಷಾರದ ಕಡೆ ವಾಲಿತ್ತು. ಮಕ್ಕಳ ವಿಭಾಗದ ಒಬ್ಬ ಚಿಕ್ಕ ವಯಸ್ಸಿನ ವೈದ್ಯೆ ಆಯಿಯನ್ನು ಕೂರಿಸಿಕೊಂಡು ಕೇಳಿದರು, "ಕೂಸಿಗೆ ಮುದ್ದು ಕೊಟ್ಟಾಗ ತುಟಿಗಿ ಉಪ್ಪು ಹತ್ತತೈತೇನ್ರಿ?" ಆಯಿ ತಕ್ಷಣ ಹೌದೆಂದಳು. ಹಣೆಯ ಮೇಲೆ ಬೆವರು ಒಣಗಿದರೆ ಬೆಳ್ಳಗೆ ಉಪ್ಪು ಕಾಣುತ್ತಿತ್ತೆಂದೂ ಹೇಳಿದಳು. ಆ ವೈದ್ಯೆ ಸಂಡಾಸಿನ ಜಿಡ್ಡನ್ನೂ ಈ ಉಪ್ಪನ್ನೂ ಒಂದೇ ದಾರದಲ್ಲಿ ಪೋಣಿಸಿದರು. ಬೇರೆಯವರು ಅದುವರೆಗೆ ಎರಡನ್ನೂ ಬೇರೆ ಬೇರೆ ಚೀಟಿಯಲ್ಲಿ ಬರೆದಿದ್ದರು.

1948ರಲ್ಲಿ ನ್ಯೂಯಾರ್ಕಿನಲ್ಲಿ ಬಿಸಿಗಾಳಿ ಬೀಸಿದಾಗಲೂ ಹೀಗೇ ಆಗಿತ್ತು. ಸೆಖೆಗೆ ಬಿದ್ದು ಆಸ್ಪತ್ರೆಗೆ ಬಂದ ಮಕ್ಕಳಲ್ಲಿ ಈ ಕಾಯಿಲೆಯವರೇ ಹೆಚ್ಚಿದ್ದದ್ದು ವೈದ್ಯರ ಕಣ್ಣಿಗೆ ಬಿತ್ತು. ಪಾಲ್ ಡಿ ಸಾಂಟ್ ಆ್ಯಗ್ನೀಸ್ ಅದರ ಬೆನ್ನು ಹತ್ತಿ, 1953ರಲ್ಲಿ ಈ ಮಕ್ಕಳ ಬೆವರಿನಲ್ಲಿ ಉಪ್ಪು ಮಿತಿಮೀರಿ ಹೋಗುತ್ತದೆಂದು ತೋರಿಸಿದರು. ಅದರಿಂದ ಹುಟ್ಟಿದ್ದೇ 1959ರ ಬೆವರು ಪರೀಕ್ಷೆ. ತೋಳಿನ ಮೇಲೆ ಪೈಲೋಕಾರ್ಪಿನ್ ಔಷಧಿ ಇಟ್ಟು, ಸಣ್ಣ ವಿದ್ಯುತ್ ಹಾಯಿಸಿ, ಬೆವರು ಬರಿಸಿ, ಅದರ ಕ್ಲೋರೈಡ್ ಅಳೆಯುತ್ತಾರೆ. ಲೀಟರಿಗೆ 60 ಮಿಲಿಮೋಲ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಈ ರೋಗವೇ ಎಂದು ಲೆಕ್ಕ. ಸೂಜಿಯಿಲ್ಲ, ನೋವಿಲ್ಲ. ಅದಕ್ಕಾಗಿ ನಾವು ದೊಡ್ಡ ಊರಿಗೆ ಹೋಗಬೇಕಾಯಿತು. ಅಮೆರಿಕದ ಒಂದು ಬೇಸಿಗೆಯಲ್ಲಿ ಕಂಡ ಸಂಗತಿ ವರ್ಷಕ್ಕೆ ಮೂರು ತಿಂಗಳು ಬೆಂಕಿ ಸುರಿಯುವ ನಮ್ಮ ಜಿಲ್ಲೆಗಳ ಪ್ರತಿ ಮಕ್ಕಳ ವೈದ್ಯರ ನಾಲಿಗೆಯ ತುದಿಯಲ್ಲಿ ಇರಬೇಕಿತ್ತು ಎಂದು ನನಗೆ ಇವತ್ತಿಗೂ ಅನಿಸುತ್ತದೆ.

ಗೊತ್ತಾದ ಮೇಲೆ ಮನೆಯಲ್ಲಿ ಆಪಾದನೆ ಜಾಗ ಬದಲಿಸಿತು. ತಾಟಿನಿಂದ ಮದುವೆಯ ಮೇಲೆ ಹೋಯಿತು. ರೋಗ ಬರಬೇಕಾದರೆ ಆ ಜೀನಿನ ಕೆಟ್ಟ ಪ್ರತಿ ತಂದೆಯಿಂದ ಒಂದು, ತಾಯಿಯಿಂದ ಒಂದು ಬರಬೇಕು. ಸೋದರ ಸಂಬಂಧದಲ್ಲಿ ಒಂದೇ ಹಿರಿಯರ ಪ್ರತಿ ಎರಡೂ ಕಡೆಯಿಂದ ಇಳಿದು ಬರುವ ಅವಕಾಶ ಹೆಚ್ಚು. ಇದು ನಿಜ, ಮದುವೆಗೆ ಮುಂಚೆ ಹೇಳಬೇಕಾದ ನಿಜ. ಆದರೆ ಸೋದರ ಸಂಬಂಧ ಅಪರೂಪವಾದ ಯುರೋಪಿನಲ್ಲಿ ಈ ಕಾಯಿಲೆ ನಮಗಿಂತ ಬಹಳ ಹೆಚ್ಚಿದೆ. ಒಂದೊಂದು ಕೆಟ್ಟ ಪ್ರತಿ ಹೊತ್ತೂ ತಮಗೆ ರೋಗವಿಲ್ಲದ, ಅಂದರೆ ವಾಹಕರಾದ, ಗಂಡಹೆಂಡಿರಿಗೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಈ ರೋಗದ್ದು, ಅವರು ಬಂಧುಗಳಾಗಲಿ ಅಪರಿಚಿತರಾಗಲಿ. ಅಕ್ಕನಲ್ಲಿರುವ ಆ ಪ್ರತಿ ನನ್ನಲ್ಲೂ ಇರುವ ಸಾಧ್ಯತೆ ಅರ್ಧಕ್ಕರ್ಧ. ಅಕ್ಕನ ಗಂಡ, ನಮ್ಮ ಮಾಮಾ, ಈ ಮಾತು ಬಂದಾಗೆಲ್ಲ ಎದ್ದು ತೋಟಕ್ಕೆ ಹೋಗುತ್ತಿದ್ದ. ಇಪ್ಪತ್ತು ಜನ ಕೂಡಿ ಮಾಡಿದ ಸಂಬಂಧಕ್ಕೆ ಇಬ್ಬರನ್ನು ಗುರಿ ಮಾಡುವುದು ಅನ್ಯಾಯ.

ಗುಳಿಗೆಯ ಸಂಗತಿ ಬೇರೆಯೇ ಇತ್ತು. ಮೇದೋಜ್ಜೀರಕದ ಕಿಣ್ವವನ್ನು ಹೊರಗಿನಿಂದ ಕೊಡಬೇಕು, ಪ್ರತಿ ಊಟಕ್ಕೂ. ಆ ಕ್ಯಾಪ್ಸೂಲಿನ ಕಿಣ್ವ ಬರುವುದು ಹಂದಿಯ ಮೇದೋಜ್ಜೀರಕದಿಂದ. ಇಷ್ಟಲಿಂಗ ಪೂಜೆ ಮಾಡದೆ ನೀರು ಕುಡಿಯದ ಮುತ್ಯಾನಿಗೆ ಇದನ್ನು ಮುಚ್ಚಿಡೋಣ ಎಂದು ಮನೆಯವರು ಅಂದರು. ಅಕ್ಕ ಒಪ್ಪಲಿಲ್ಲ, ಕೂತು ಹೇಳಿದಳು. ಮುತ್ಯಾ ಕೇಳಿದ್ದು ಒಂದೇ ಪ್ರಶ್ನೆ: ಗಿಡಮೂಲದ್ದು ಬರುವುದಿಲ್ಲವೇ? ಪಪ್ಪಾಯಿಯ ಕಿಣ್ವ, ಬೂಷ್ಟಿನ ಕಿಣ್ವ ಇರುವ ಜೀರ್ಣದ ಸಿರಪ್ಪುಗಳು ಔಷಧಿ ಅಂಗಡಿಯಲ್ಲಿ ಸಿಗುತ್ತವೆ, ಈ ರೋಗದಲ್ಲಿ ಕೊಬ್ಬು ಅರಗಿಸುವ ಕೆಲಸ ಅವುಗಳಿಂದ ಆಗುವುದಿಲ್ಲ ಎಂದು ನಾನು ವಿವರಿಸಿದೆ. ಅವನು ಒಂದು ದಿನ ಸುಮ್ಮನಿದ್ದ. ಮರುದಿನ ದೇವರ ಜಗಲಿಯ ಕಡೆಯಿಂದ ಡಬ್ಬಿಯನ್ನು ಬೇರೆ ಕೋಣೆಗೆ ಇಡಿಸಿದ, ಅಷ್ಟೇ. ಈಗ ಊಟಕ್ಕೆ ಕೂತಾಗ "ತಮ್ಮಾ, ಗುಳಿಗಿ ಆತೇನು?" ಎಂದು ಕೇಳುವವನು ಅವನೇ. ಆ ಕೋಣೆ ಮನೆಯಲ್ಲಿ ತಂಪಾದದ್ದು, ಅದೂ ಒಳ್ಳೆಯದೇ ಆಯಿತು. ಸೆಖೆಗೆ ಕಿಣ್ವ ಸತ್ವ ಕಳೆದುಕೊಳ್ಳುತ್ತದೆ. ಬಿಸಿಲಲ್ಲಿ ನಿಂತ ಗಾಡಿಯಲ್ಲಿ ಡಬ್ಬಿ ಬಿಟ್ಟು ಹೋಗಬಾರದು ಎಂದು ಔಷಧಿ ಕೊಡುವಾಗ ಯಾರೂ ಹೇಳುವುದಿಲ್ಲ.

ಗುಳಿಗೆ ಶುರುವಾಯಿತು, ತೂಕ ಏರಿತು. ಸಂಡಾಸು ಮನುಷ್ಯರದ್ದಾಯಿತು ಎಂದಳು ಅಕ್ಕ. ತುಪ್ಪ, ಬೆಣ್ಣೆ, ಶೇಂಗಾ ಹಿಂಡಿ, ಗುರೆಳ್ಳು ಚಟ್ನಿ, ಅಮೀನಗಡದ ಕರದಂಟು, ಎಲ್ಲ ತಾಟಿಗೆ ಬಂದವು. ಈ ಮಕ್ಕಳಿಗೆ ಓರಗೆಯವರಿಗಿಂತ ಹೆಚ್ಚು ಶಕ್ತಿಯ ಊಟ ಬೇಕು, ಎ, ಡಿ, ಇ, ಕೆ ಜೀವಸತ್ವಗಳನ್ನು ಬೇರೆ ಕೊಡಬೇಕು. ಮನೆಗೆ ನೆಮ್ಮದಿ ಬಂತು. ಆದರೆ ಹುಡುಗ ಎಂಟೊಂಬತ್ತು ವರ್ಷದವನಾದಾಗ ಮತ್ತೆ ಹೊಟ್ಟೆ ಹಿಡಿದುಕೊಂಡು ಕೂರತೊಡಗಿದ. ಹೊಕ್ಕಳ ಸುತ್ತ ನೋವು, ಉಬ್ಬರ, ಊಟದ ಮೇಲೆ ಬೇಸರ. ಸಂಡಾಸು ನೋಡಿದರೆ ಜಿಡ್ಡಿಲ್ಲ. ಗುಳಿಗೆ ತಪ್ಪಿಲ್ಲ.

ಈ ಕಾಲ ಅಕ್ಕನಿಗೆ ಮೊದಲಿಗಿಂತ ಕಠಿಣವಾಗಿತ್ತು. ರೋಗ ಗೊತ್ತಿಲ್ಲದಾಗ ಜನ ತಾಯಿಯನ್ನು ಅಂದರು. ಈಗ ಹುಡುಗನನ್ನೇ ಅನ್ನತೊಡಗಿದರು. ಸಾಲಿ ತಪ್ಪಿಸುವ ನೆವ ಎಂದರು ಕೆಲವರು. "ಗುಳಿಗಿ ಮರತಿರಬೇಕು" ಎಂದರು ಕೆಲವರು. ಒಂದು ಗುಳಿಗೆ ಹೆಚ್ಚು ಕೊಟ್ಟರಾಯಿತು ಎಂಬುದು ಆಯಿಯ ಲೆಕ್ಕ. ವೈದ್ಯೆ ಅದಕ್ಕೆ ಸುತರಾಂ ಒಪ್ಪಲಿಲ್ಲ. ಯಾಕೆಂದರೆ 1994ರಲ್ಲಿ ಬ್ರಿಟನ್ನಿನಲ್ಲಿ ತೀರಾ ಹೆಚ್ಚಿನ ಪ್ರಮಾಣದ ಕಿಣ್ವ ತೆಗೆದುಕೊಳ್ಳುತ್ತಿದ್ದ ಮಕ್ಕಳ ದೊಡ್ಡ ಕರುಳು ಗಟ್ಟಿಯಾಗಿ, ಕಿರಿದಾಗಿ, ಶಸ್ತ್ರಚಿಕಿತ್ಸೆ ಮಾಡಬೇಕಾಗಿ ಬಂತು. ಅಂದಿನಿಂದ ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ ಕೊಬ್ಬು ಅರಗಿಸುವ ಕಿಣ್ವವಾದ ಲೈಪೇಸ್ 10,000 ಯೂನಿಟ್ ಮೀರಬಾರದೆಂಬ ಮಿತಿ ಇದೆ. "ನೋಡ್ರೀ ಅಕ್ಕಾರ, ಇದು ಅರಗದ್ದರ ನೋವಲ್ಲ ಅನಸ್ತದ. ಕರುಳ ಒಳಗ ಬಾವು ಐತೇನು ನೋಡೂಣು" ಎಂದು ಅವರು ಮಲದ ಪರೀಕ್ಷೆಗೆ ಬರೆದುಕೊಟ್ಟರು.

ಪರೀಕ್ಷೆಯ ಹೆಸರು ಕ್ಯಾಲ್‌ಪ್ರೊಟೆಕ್ಟಿನ್. ಸೋಂಕು, ಬಾವು ಆದಲ್ಲಿಗೆ ಮೊದಲು ಓಡಿಬರುವ ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳಲ್ಲಿ ತುಂಬಿರುವ ಪ್ರೋಟೀನು ಇದು. ಆ ಕಣಗಳು ಕರುಳಿನ ಗೋಡೆ ದಾಟಿ ಒಳಕ್ಕೆ ಬಂದರೆ ಮಲದಲ್ಲಿ ಸಿಗುತ್ತದೆ. ಒಂದು ಗ್ರಾಂ ಮಲದಲ್ಲಿ 50 ಮೈಕ್ರೊಗ್ರಾಮಿನ ಒಳಗಿದ್ದರೆ ಸಾಮಾನ್ಯ ಎನ್ನುತ್ತಾರೆ. ನಮ್ಮ ಹುಡುಗನದು ಅದರ ಹಲವು ಪಟ್ಟು ಇತ್ತು. ಈ ರೋಗದವರು ಕಫ ನುಂಗುವುದರಿಂದ ಎದೆಯ ಕ್ಯಾಲ್‌ಪ್ರೊಟೆಕ್ಟಿನ್ ಕೂಡ ಸ್ವಲ್ಪ ಅದರಲ್ಲಿ ಸೇರಿರಬಹುದು ಎಂದು ವೈದ್ಯೆ ಎಚ್ಚರಿಸಿದರು. ಆದರೂ ಅಷ್ಟೊಂದು ಸಂಖ್ಯೆ ಬರೀ ಕಫದ್ದಲ್ಲ ಎಂಬುದು ಅವರ ತೀರ್ಮಾನವಾಗಿತ್ತು.

ಆ ರಾತ್ರಿಯಿಂದ ನಾನು ಓದಿದ್ದು ಬಹಳ. 2000ದಲ್ಲಿ ಬ್ರಿಟನ್ನಿನ ವೈದ್ಯರು ಈ ಮಕ್ಕಳ ಇಡೀ ಕರುಳನ್ನು ದ್ರಾವಣದಿಂದ ತೊಳೆದು, ಬಂದ ನೀರನ್ನು ಪರೀಕ್ಷಿಸಿದರು. ಉರಿಯೂತದ ಗುರುತುಗಳು ಅದರಲ್ಲಿ ಸ್ಪಷ್ಟವಾಗಿದ್ದವು, ಹೊಟ್ಟೆಯ ದೂರು ಹೇಳದ ಮಕ್ಕಳಲ್ಲೂ. 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 42 ಜನರಿಗೆ ನುಂಗುವ ಕ್ಯಾಮೆರಾ ಕೊಟ್ಟು ಸಣ್ಣ ಕರುಳನ್ನು ಒಳಗಿನಿಂದ ನೋಡಿದರು. ಬಹುಪಾಲು ಜನರಲ್ಲಿ ಕೆಂಪು, ಬಾವು, ತರಚು, ಕೆಲವರಲ್ಲಿ ಹುಣ್ಣು. ಕಣ್ಣಿಗೆ ಕಾಣುವ ಗಾಯಗಳು. ಅದನ್ನು ಓದಿದ ಮೇಲೆ "ನೆವ" ಎಂಬ ಮಾತು ನನ್ನ ಮುಂದೆ ಯಾರು ಆಡಿದರೂ ನಾನು ಸುಮ್ಮನಿರುವುದನ್ನು ಬಿಟ್ಟೆ.

ಇದು ಕ್ರೋನ್ಸ್‌ನಂಥ ಕರುಳಿನ ಕಾಯಿಲೆಯಲ್ಲ. ಕಾರಣಗಳು ಒಂದರ ಮೇಲೊಂದು ಕೂತಿವೆ. ಅಂಟು ಲೋಳೆಯಲ್ಲಿ ಬ್ಯಾಕ್ಟೀರಿಯಾ ಮನೆ ಮಾಡುತ್ತವೆ. ಸಾಮಾನ್ಯವಾಗಿ ವಿರಳವಾಗಿರುವ ಸಣ್ಣ ಕರುಳಿನಲ್ಲೂ ಅವು ಹೆಚ್ಚುತ್ತವೆ. ಬೈಕಾರ್ಬೋನೇಟ್ ಇಲ್ಲದ್ದರಿಂದ ಜಠರದ ಹುಳಿ ಕರುಳಿಗೆ ಇಳಿದ ಮೇಲೂ ಹುಳಿಯಾಗಿಯೇ ಉಳಿಯುತ್ತದೆ, ಕ್ಯಾಪ್ಸೂಲಿನ ಕಾಳುಗಳು ಸರಿಯಾದ ಜಾಗದಲ್ಲಿ ಬಿಚ್ಚಿಕೊಳ್ಳಲು ಅದೂ ಅಡ್ಡಿ. ಅರಗದೆ ಉಳಿದ ಕೊಬ್ಬು ಮುಂದೆ ಸಾಗುತ್ತದೆ. ಪಿತ್ತರಸವನ್ನು ಕರುಳು ಸರಿಯಾಗಿ ಮರಳಿ ಹೀರಿಕೊಳ್ಳುವುದಿಲ್ಲ. ಕರುಳಿನ ಚಲನೆ ನಿಧಾನ. ಎದೆಯನ್ನು ಉಳಿಸಲು ಮತ್ತೆ ಮತ್ತೆ ಕೊಡುವ ಆ್ಯಂಟಿಬಯಾಟಿಕ್ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ತೆಗೆಯುತ್ತದೆ. ಆ ಔಷಧಿ ಬಿಡುವಂತಿಲ್ಲ. ಎದೆಗೆ ಜೀವ ಕೊಡುವುದು ಹೊಟ್ಟೆಗೆ ಗಾಯ ಮಾಡುವ ಈ ಇಕ್ಕಟ್ಟು ನನ್ನನ್ನು ಬಹಳ ಕಾಡಿದೆ. ಹೀಗೆ ಸದಾ ಬಾತ ಕರುಳು ಹೀರಬೇಕಾದ್ದನ್ನು ಪೂರ್ತಿ ಹೀರುವುದಿಲ್ಲ, ಹಸಿವನ್ನೂ ಕುಂದಿಸುತ್ತದೆ, ಮೈಯ ಶಕ್ತಿ ಗಾಯ ಮಾಯಿಸುವುದಕ್ಕೇ ಖರ್ಚಾಗುತ್ತದೆ. ತಾಯಿ ಬಡಿಸಿದ್ದು ಎಲ್ಲಿ ಹೋಯಿತು ಎಂಬುದರ ಲೆಕ್ಕ ಇಲ್ಲಿದೆ, ಅಡಿಗೆಮನೆಯಲ್ಲಿಲ್ಲ. ಅಕ್ಕನಿಗೆ ಇದನ್ನು ವಿವರಿಸಿದ ಸಂಜೆ ಅವಳು ರೊಟ್ಟಿ ಬಡಿಯುತ್ತಿದ್ದಳು. ಬಡಿಯುವುದನ್ನು ನಿಲ್ಲಿಸಿ, "ಹಂಗಾದ್ರ ಆಯಿಗೂ ಹೇಳು, ನಿನ್ನ ಬಾಯಿಲೇ ಹೇಳು" ಎಂದಳು. ಹೇಳಿದೆ. ಆಯಿ ಪೂರ್ತಿ ಕೇಳಿಸಿಕೊಂಡಳು. ಸೊಸೆಗೆ ಏನೂ ಅನ್ನಲಿಲ್ಲ. ಮರುವಾರ ಆಸ್ಪತ್ರೆಗೆ ತಾನೂ ಬರುತ್ತೇನೆಂದು ಸೀರೆ ಉಟ್ಟು ನಿಂತಳು.

ಮೊಸರು ಕೊಟ್ಟರೆ ಕರುಳಿನ ಬಾವು ಇಳಿಯುತ್ತದೆಯೇ ಎಂದು ಅವಳು ವೈದ್ಯೆಯನ್ನು ಕೇಳಿದಳು. ಒಳ್ಳೆಯ ಪ್ರಶ್ನೆ. ಒಳ್ಳೆಯ ಬ್ಯಾಕ್ಟೀರಿಯಾ ತುಂಬಿದ ಪ್ರೊಬಯಾಟಿಕ್ ಕೊಟ್ಟು ಈ ಮಕ್ಕಳ ಮೇಲೆ ಪ್ರಯೋಗ ಮಾಡಿದ್ದಾರೆ. ಕ್ಯಾಲ್‌ಪ್ರೊಟೆಕ್ಟಿನ್ ಕೆಲವು ಪ್ರಯೋಗಗಳಲ್ಲಿ ಸ್ವಲ್ಪ ಇಳಿದಿದೆ. ಅದೇ ಚಿಕಿತ್ಸೆ ಎಂದು ಹೇಳುವಷ್ಟು ಬಲ ಆ ಪುರಾವೆಗೆ ಇಲ್ಲ. ಮನೆಯ ಗಟ್ಟಿ ಮೊಸರು ಊಟವಾಗಿ ಒಳ್ಳೆಯದು, ಉಣ್ಣಲಿ ಎಂದರು ಅವರು.

ಹೆಚ್ಚು ಕೆಲಸ ಮಾಡಿದ್ದು ನೀರು ಮತ್ತು ಒಂದು ರುಚಿಯಿಲ್ಲದ ಪುಡಿ. ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಈ ಪುಡಿ ಕರುಳಿನಲ್ಲಿ ನೀರು ಹಿಡಿದಿಡುತ್ತದೆ. ಇಲಿಗಳ ಮೇಲಿನ ಪ್ರಯೋಗದಲ್ಲಿ ಇದನ್ನು ಕುಡಿಸಿದಾಗ ಸಣ್ಣ ಕರುಳಿನ ಹೆಚ್ಚುವರಿ ಬ್ಯಾಕ್ಟೀರಿಯಾವೂ ತಗ್ಗಿತ್ತು. ನಮಗೆ ಅದರ ಪರಿಚಯವಾದದ್ದು ಒಂದು ಭಯದ ದಿನ. ತಿಕೋಟಾ ಕಡೆ ಮಾಮಾನ ದ್ರಾಕ್ಷಿ ತೋಟವಿದೆ. ಮಾರ್ಚ್‌ನಲ್ಲಿ ಒಣದ್ರಾಕ್ಷಿಯ ಶೆಡ್ಡಿನಲ್ಲಿ ಕೆಲಸದ ಗದ್ದಲ, ಹುಡುಗ ಅಲ್ಲೇ ಆಡಿಕೊಂಡು ನೀರು ಮರೆತಿದ್ದ. ಸಂಜೆಗೆ ಬಲಗಡೆ ಕೆಳಹೊಟ್ಟೆಯಲ್ಲಿ ತಡೆಯಲಾರದ ನೋವು, ವಾಂತಿ. ಹೋದ ಆಸ್ಪತ್ರೆಯಲ್ಲಿ ಅಪೆಂಡಿಕ್ಸ್ ಎಂದು ಆಪರೇಷನ್ನಿಗೆ ತಯಾರಿ ನಡೆಸಿದ್ದರು. ಅಕ್ಕ ಮಗನ ಹಳೆಯ ಕಾಗದಗಳನ್ನು ಮುಂದಿಟ್ಟು ಮೊದಲು ಸ್ಕ್ಯಾನ್ ಮಾಡಿರಿ ಎಂದು ಪಟ್ಟು ಹಿಡಿದಳು. ಸಣ್ಣ ಕರುಳು ದೊಡ್ಡ ಕರುಳಿಗೆ ಸೇರುವ ಜಾಗದಲ್ಲಿ ಅಂಟು ಮಲ ಗಟ್ಟಿಯಾಗಿ ಸಿಕ್ಕಿಕೊಂಡಿತ್ತು. ಈ ರೋಗದಲ್ಲಿ ಇದು ಗೊತ್ತಿರುವ ತೊಡಕು. ಅದೇ ಪುಡಿಯ ದ್ರಾವಣ ಮೂಗಿನ ನಳಿಕೆಯಿಂದ ಇಳಿಸಿ, ಸಲೈನ್ ಏರಿಸಿ ಬಿಡಿಸಿದರು. ಚಾಕು ಬೇಕಾಗಲಿಲ್ಲ. ಈ ಕಾಯಿಲೆಯ ಮಗುವಿಗೆ ಬಲಗಡೆ ಹೊಟ್ಟೆ ನೋವು ಬಂದರೆ ಯಾವ ಊರಿನ ಯಾವ ಆಸ್ಪತ್ರೆಯಲ್ಲಾದರೂ ಮೊದಲು ರೋಗದ ಹೆಸರು ಹೇಳಿ. ಬೇಸಿಗೆಯಲ್ಲಿ ನೀರಿಗೆ, ಮಜ್ಜಿಗೆಗೆ ವೈದ್ಯರು ಹೇಳಿದಷ್ಟು ಉಪ್ಪು ಹಾಕಿ ಕುಡಿಸಿ. ಉಳಿದ ಮನೆಮಂದಿಗೆ ಉಪ್ಪು ಕಡಿಮೆ ಮಾಡಿರಿ ಎನ್ನುವ ಸಲಹೆ ಈ ಮಗುವಿಗೆ ಅನ್ವಯಿಸುವುದಿಲ್ಲ.

ಮೂಲಕ್ಕೇ ಕೈ ಹಾಕುವ ಔಷಧಿಗಳೂ ಬಂದಿವೆ. 2012ರಲ್ಲಿ ಐವಾಕ್ಯಾಫ್ಟರ್, 2019ರಲ್ಲಿ ಮೂರು ಔಷಧಿ ಕೂಡಿದ ಗುಳಿಗೆಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಇವು ಕೆಟ್ಟ ಸಿಎಫ್‌ಟಿಆರ್ ಪ್ರೋಟೀನನ್ನೇ ದುಡಿಸುತ್ತವೆ. ಇವನ್ನು ತೆಗೆದುಕೊಂಡವರ ಮಲದಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ ಇಳಿದಿದೆ. ಕರುಳಿನ ಉರಿಯೂತದ ಬೇರು ಈ ಪ್ರೋಟೀನಿನ ಕೊರತೆಯಲ್ಲೇ ಇದೆ ಎಂಬುದಕ್ಕೆ ಇದಕ್ಕಿಂತ ನೇರ ಪುರಾವೆ ಬೇಕಿಲ್ಲ. ಆದರೆ ಮೂರು ಕೂಡಿದ ಗುಳಿಗೆಯ ಬೆಲೆ ಅಮೆರಿಕದಲ್ಲಿ ವರ್ಷಕ್ಕೆ 3 ಲಕ್ಷ ಡಾಲರಿಗೂ ಮೇಲೆ. ಅದು ಮುಖ್ಯವಾಗಿ ಗುರಿಯಿಟ್ಟಿರುವ ಎಫ್508ಡೆಲ್ ಎಂಬ, ಆ ಜೀನಿನ ಒಂದು ಕೆಟ್ಟ ರೂಪಾಂತರ ಯುರೋಪಿನವರಲ್ಲಿ ಇದ್ದಷ್ಟು ನಮ್ಮ ಮಕ್ಕಳಲ್ಲಿ ಇಲ್ಲ. ದುಡ್ಡಿದ್ದರೂ ಎಲ್ಲರಿಗೂ ಹೊಂದುವುದಿಲ್ಲ ಎಂದರ್ಥ. ನಮ್ಮ ಮಕ್ಕಳ ಜೀನು ಓದಿಸಿ ದಾಖಲೆ ಇಡುವ ಕೆಲಸ ನಮ್ಮ ಜಿಲ್ಲೆಗಳಿಂದಲೂ ಆಗಬೇಕು, ಇಲ್ಲವಾದರೆ ಔಷಧಿ ಅಗ್ಗವಾದ ದಿನವೂ ಯಾರಿಗೆ ಕೊಡಬೇಕೆಂದು ಗೊತ್ತಾಗುವುದಿಲ್ಲ.

ಇನ್ನೊಂದು ಮಾತು ಹೇಳಲೇಬೇಕು, ಹೆದರಿಸಲಿಕ್ಕಲ್ಲ. ಈ ರೋಗವಿರುವವರು ನಲವತ್ತು ಐವತ್ತು ದಾಟುತ್ತಿರುವ ದೇಶಗಳಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಇವರಲ್ಲಿ ಉಳಿದವರಿಗಿಂತ ಹಲವು ಪಟ್ಟು ಹೆಚ್ಚೆಂದು ಕಂಡುಬಂದಿದೆ. 2018ರಿಂದ ಅಮೆರಿಕದಲ್ಲಿ ಇವರಿಗೆ 40ನೇ ವಯಸ್ಸಿಗೆ, ಅಂಗ ಕಸಿಯಾದವರಿಗೆ 30ಕ್ಕೇ, ದೊಡ್ಡ ಕರುಳನ್ನು ಕ್ಯಾಮೆರಾದ ಕೊಳವೆಯಿಂದ ನೋಡುವ ಕೊಲೊನೊಸ್ಕೋಪಿ ಶುರುಮಾಡಬೇಕೆಂಬ ಸಲಹೆ ಇದೆ. ನಮ್ಮ ಹುಡುಗನಿಗೆ ಇನ್ನೂ ಹನ್ನೆರಡು. ಅವನು ಆ ವಯಸ್ಸು ಮುಟ್ಟುತ್ತಾನೆ ಎಂದು ಲೆಕ್ಕ ಹಾಕಿಯೇ ಈಗಿನಿಂದ ಕರುಳನ್ನು ಜೋಪಾನ ಮಾಡಬೇಕು. ಎದೆ ಉಳಿದರೆ ಹೊಟ್ಟೆ ಹೇಗೋ ನಡೆಯುತ್ತದೆ ಎನ್ನುವ ಕಾಲ ಹೋಯಿತು.

ಈಗ ಅವನ ಕ್ಯಾಲ್‌ಪ್ರೊಟೆಕ್ಟಿನ್ ಇಳಿದಿದೆ, ಸಾಮಾನ್ಯಕ್ಕೆ ಬಂದಿಲ್ಲ. ಪುಡಿ ದಿನವೂ ನಡೆದಿದೆ. ಗುಳಿಗೆಯನ್ನು ಊಟದ ಮೊದಲಿಗೆ ಒಂದಿಷ್ಟು, ನಡುವೆ ಒಂದಿಷ್ಟು ಎಂದು ಹಂಚಿಕೊಡುತ್ತಾರೆ. ಜಠರದ ಹುಳಿ ತಗ್ಗಿಸುವ ಗುಳಿಗೆಯೂ ಸೇರಿದೆ. ನೋವು ಬರುವುದು ಕಡಿಮೆಯಾಗಿದೆ, ನಿಂತಿಲ್ಲ. ಬಂದಾಗ ಎಲ್ಲಿ, ಎಷ್ಟು ಹೊತ್ತು, ಏನು ಉಂಡಿದ್ದ ಎಂದು ಅವನೇ ಒಂದು ನೋಟುಬುಕ್ಕಿನಲ್ಲಿ ಬರೆಯುತ್ತಾನೆ. ವೈದ್ಯೆ ಅದನ್ನು ಪುಟ ಬಿಡದೆ ಓದುತ್ತಾರೆ. "ಮೌಶಿ, ಡಾಕ್ಟರ್ ನಾ ಬರದದ್ದು ಎಲ್ಲಾ ನಂಬತಾರ" ಎಂದು ಅವನು ಒಮ್ಮೆ ಹೇಳಿದ.

ಸಾಲಿಯದು ಮಾತ್ರ ಇನ್ನೂ ಹೋರಾಟ. ಈ ಮಕ್ಕಳಿಗೆ ಹೊಟ್ಟೆ ಉಬ್ಬಿದಾಗ ಗಾಳಿ ಹೋಗುತ್ತದೆ, ವಾಸನೆ ಬರುತ್ತದೆ, ಅವಸರವಾದರೆ ತಡೆಯಲಾಗದು. ತರಗತಿಯಲ್ಲಿ ನಕ್ಕರೆ ಅವನು ಮಧ್ಯಾಹ್ನದ ಊಟವನ್ನೇ ಬಿಡುತ್ತಿದ್ದ. ಉಣ್ಣದಿದ್ದರೆ ಸಂಡಾಸಿಗೆ ಹೋಗುವ ಪ್ರಸಂಗ ಬರುವುದಿಲ್ಲ ಎಂಬುದು ಅವನ ಉಪಾಯ. ತೂಕ ಒಂದು ವರ್ಷ ನಿಂತುಹೋದದ್ದಕ್ಕೆ ಇದೂ ಒಂದು ಕಾರಣವಾಗಿತ್ತು, ಯಾವ ರಕ್ತಪರೀಕ್ಷೆಯೂ ಇದನ್ನು ತೋರಿಸಲಿಲ್ಲ. ನಾನು ವೈದ್ಯೆಯಿಂದ ಒಂದು ಪತ್ರ ಬರೆಸಿದೆ. ಹುಡುಗ ಕೇಳದೆಯೇ ಹೊರಗೆ ಹೋಗಿಬರಲು ಅನುಮತಿ, ಪಕ್ಕದಲ್ಲಿ ನೀರಿನ ಬಾಟಲಿ, ಊಟದ ಹೊತ್ತಿಗೆ ಗುಳಿಗೆ ನುಂಗಲು ಅಡ್ಡಿ ಮಾಡದಿರುವುದು, ಆಟದ ಪಿರಿಯಡ್ಡಿಗೆ ಉಪ್ಪಿನ ಪಾನಕ. ರೋಗ ಅಂಟುಜಾಡ್ಯವಲ್ಲ ಎಂಬ ಸಾಲನ್ನು ದಪ್ಪ ಅಕ್ಷರದಲ್ಲಿ ಹಾಕಿಸಿದೆವು. ಹೆಡ್ ಮಾಸ್ತರರು ಒಪ್ಪಿದರು, ಒಂದಿಬ್ಬರು ಮಾಸ್ತರರು ಒಪ್ಪಲು ತಡಮಾಡಿದರು.

ಈ ಜೂನಿನಲ್ಲಿ ಅವನನ್ನು ಊರ ಹೊರಗಿನ ದೊಡ್ಡ ಸಾಲಿಗೆ ಹಾಕಬೇಕಿತ್ತು. ಮಾಮಾ ಎರಡು ಮೂರು ಕಡೆ ನೋಡಿಬಂದ. ಫಲಿತಾಂಶ ಎಷ್ಟು, ಫೀಸು ಎಷ್ಟು ಎಂದು ಅಕ್ಕ ಕೇಳುತ್ತಿದ್ದರೆ ಅವನು ಪ್ರತಿ ಸಾಲಿಯ ಹಿಂದುಗಡೆ ಹೋಗಿ ಹುಡುಗರ ಸಂಡಾಸಿನ ನಲ್ಲಿ ತಿರುವಿ ನೋಡಿದ್ದನ್ನು ಹೇಳಿದ. ಒಂದರಲ್ಲಿ ಬಾಗಿಲಿಗೆ ಚಿಲಕವಿರಲಿಲ್ಲ. ಇನ್ನೊಂದರಲ್ಲಿ ಚಿಲಕವಿತ್ತು, ನೀರೂ ಬರುತ್ತಿತ್ತು. ಅಲ್ಲೇ ಹೆಸರು ಹಚ್ಚಿಸಿದರು.